ಓಟಿಲ್ಲದವರ ಹೋಳಿಗೆ

ಮಾರಿಸ್‌ಟೌನ್ ಕಡೆಗೆ ಹೋಗುವ ರೈಲಿನಲ್ಲಿ ಕೂತವರಿಗೆ ನಾವಿದ್ದ ಊರು ಬಂದದ್ದೂ ಗೊತ್ತಾಗುತ್ತಿರಲಿಲ್ಲ, ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಬೆಂಕಿ ಆರಿಸುವ ದಳದ ಒಂದು ಫೈರ್‌ಹೌಸ್, ಎರಡು ಚರ್ಚು, ಒಂದು ಶಾಲೆ, ಮುಚ್ಚಿ ಎಷ್ಟೋ ಕಾಲವಾಗಿದ್ದ ಒಂದು ಬಣ್ಣದ ಕಾರ್ಖಾನೆ. ಆ ಕಾರ್ಖಾನೆಯಲ್ಲಿ ದುಡಿದು ಮುದುಕರಾದವರು ಹಳೆಯ ಬೀದಿಗಳಲ್ಲಿದ್ದರು. ಮ್ಯಾನ್‌ಹಟನ್ನಿನ ಬ್ಯಾಂಕುಗಳಿಗೆ ಪ್ರೋಗ್ರಾಮ್ ಬರೆಯಲು ಬಂದ ನಮ್ಮಂಥವರು ಅವರ ಪಕ್ಕದ ಮನೆಗಳನ್ನು ಕೊಂಡಿದ್ದೆವು. ಐಟಿಯವರ ಸುಗ್ಗಿಯ ಕಾಲ ಅದು. ಬೇಸಿಗೆಯಲ್ಲಿ ಹಳಬರ ಯಾವುದಾದರೂ ಮನೆಯ ಮುಂದೆ ಮಾರಾಟದ ಫಲಕ ಎದ್ದರೆ, ದಸರೆಯ ಹೊತ್ತಿಗೆ ಅಲ್ಲಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು.

ಊರು ಆನೆಯ ಗುರುತಿನದು. ಪಕ್ಷದ ಹೆಸರಿಗಿಂತ ಗುರುತೇ ನನ್ನ ಬಾಯಿಗೆ ಮೊದಲು ಬರುತ್ತದೆ. ಧಾರವಾಡದಲ್ಲಿ ಬೆಳೆದವಳಿಗೆ ಓಟೆಂದರೆ ಗುರುತು. ಮೇಯರ್ ಆನೆ, ಕೌನ್ಸಿಲ್ಲಿನವರೆಲ್ಲ ಆನೆ, ಅವರ ಅಪ್ಪಂದಿರೂ ಆನೆ. ಕತ್ತೆಯ ಗುರುತಿನ ಫಲಕವನ್ನು ಅಂಗಳದಲ್ಲಿ ನೆಡುತ್ತಿದ್ದವರು ಶಾಲೆಯ ಮೇಷ್ಟ್ರುಗಳು ಮತ್ತು ನ್ಯೂಯಾರ್ಕಿನಿಂದ ಬಂದು ನೆಲೆಸಿದ ಒಂದೆರಡು ಕುಟುಂಬದವರು. ನವೆಂಬರ್ ಬಂತೆಂದರೆ ಯಾರು ಗೆಲ್ಲುತ್ತಾರೆಂದು ಕೇಳುವವರೇ ಇರಲಿಲ್ಲ.

ಆದರೆ ಏಪ್ರಿಲ್‌ನಲ್ಲಿ ಇನ್ನೊಂದು ಓಟಿತ್ತು, ಅದರಲ್ಲಿ ಆನೆಯೂ ಇಲ್ಲ, ಕತ್ತೆಯೂ ಇಲ್ಲ. ಶಾಲೆಯ ಬಜೆಟ್ಟಿಗೆ ಊರಿನವರು ಒಂದು ಮಂಗಳವಾರ ಫೈರ್‌ಹೌಸಿಗೆ ಹೋಗಿ ‘ಹೌದು’ ಅಥವಾ ‘ಬೇಡ’ ಎಂದು ಹಾಕಬೇಕು. ಹೌದೆಂದರೆ ಮನೆಯ ತೆರಿಗೆ ಏರುತ್ತದೆ. ಬೇಡವೆಂದರೆ ಬಜೆಟ್ಟು ಕೌನ್ಸಿಲ್ಲಿನ ಕೈಗೆ ಹೋಗುತ್ತದೆ, ಅವರು ಕತ್ತರಿ ಹಿಡಿಯುತ್ತಾರೆ. ಶಾಲೆಗೆ ಹೋಗುವ ಮಕ್ಕಳಿದ್ದವರು ಹೌದು, ಮಕ್ಕಳು ರೆಕ್ಕೆ ಬಲಿತು ಹೋದವರು ಬೇಡ, ಇಷ್ಟೇ ಅದರ ಜಾತಿ. ಮುದುಕರು ಬಿಸಿಲಿರಲಿ ಮಳೆಯಿರಲಿ ಬಂದು ಹಾಕುತ್ತಿದ್ದರು. ಮಕ್ಕಳಿದ್ದವರು ಮ್ಯಾನ್‌ಹಟನ್ನಿನಿಂದ ಬರುವ ರೈಲಿನಲ್ಲಿ ನಿಂತುಕೊಂಡು ಗಡಿಯಾರ ನೋಡುತ್ತಿದ್ದರು. ನಾವೋ, ತೆರಿಗೆಯನ್ನು ಒಂದು ದಿನವೂ ತಡ ಮಾಡದೆ ಕಟ್ಟುತ್ತಿದ್ದೆವು, ಆದರೆ ಸಿಟಿಜನ್ ಆಗಿರಲಿಲ್ಲ, ಆದ್ದರಿಂದ ನಮಗೆ ಓಟಿರಲಿಲ್ಲ.

ಓಟಿಲ್ಲದಿದ್ದರೂ ನನ್ನ ಗಂಡನಿಗೆ ಓಟಿನ ಲೆಕ್ಕದ ಹುಚ್ಚು. ಹುಬ್ಬಳ್ಳಿಯ ಚಹಾದಂಗಡಿಯಲ್ಲಿ ಕೂತು ಓಣಿ ಓಣಿ ಯಾರ ಕಡೆ ಎಂದು ಹೇಳುತ್ತಿದ್ದವರ ಮಗ ಅವರು.

“ಸ್ಟೇಷನ್ ರೋಡಿನವ್ರು ಪೂರ್ತಿ ಬ್ಯಾಡ,” ಎನ್ನುತ್ತಿದ್ದರು ಊಟಕ್ಕೆ ಕೂತು. “ಚರ್ಚಿನ ಹಿಂದಿನವ್ರು ಅರ್ಧಕ್ಕರ್ಧ. ಹೊಸಾ ಟೌನ್‌ಹೌಸಿನ್ಯಾಗ ಎಲ್ಲಾರೂ ಹೌದು, ಆದ್ರ ಅಲ್ಲಿ ಇರೋರು ನಮ್ಮವ್ರು. ಏನ್ ಉಪಯೋಗ?”

ನಾನು ನಕ್ಕುಬಿಡುತ್ತಿದ್ದೆ. ಅದರಲ್ಲಿ ನನ್ನದೂ ಒಂದು ಅನ್ನದ ಅಗುಳು ಇದೆ ಎಂದು ಗೊತ್ತಾಗುವ ತನಕ ಆ ಓಟು ನನಗೆ ತಮಾಷೆಯ ವಿಷಯವಾಗಿತ್ತು.

ನಾನು ಕೆಮಿಸ್ಟ್ರಿಯಲ್ಲಿ ಎಂಎಸ್ಸಿ ಮಾಡಿದವಳು, ಧಾರವಾಡದ ಕಾಲೇಜಿನಲ್ಲಿ ಎರಡು ವರ್ಷ ಪಾಠ ಹೇಳಿದವಳು. ಅಮೆರಿಕಕ್ಕೆ ಬಂದಮೇಲೆ ಡಿಪೆಂಡೆಂಟ್ ವೀಸಾದವಳಾದೆ. ಹೆಸರೇ ಹೇಳುವಂತೆ ಇನ್ನೊಬ್ಬರನ್ನು ನೆಚ್ಚಿಕೊಂಡು ಇರಬೇಕಾದ ವೀಸಾ. ಕೂದಲು ಕತ್ತರಿಸಿ ಕೂಲಿ ತೆಗೆದುಕೊಂಡರೂ ಅಪರಾಧ. ವರ್ಷಗಟ್ಟಲೆ ಮನೆಯಲ್ಲಿ ಕೂತೆ. ಮಗಳು ಹುಟ್ಟಿದಳು, ಬೆಳೆದಳು, ಶಾಲೆಗೆ ಹೋದಳು, ನಾನು ಮಾತ್ರ ಕಿಟಕಿಯ ಹತ್ತಿರವೇ ಇದ್ದೆ. ಯಾರಾದರೂ ‘ನೀವೇನು ಮಾಡ್ತೀರಿ?’ ಎಂದರೆ ಗಂಡ ‘ಶಿ ಈಸ್ ಅಟ್ ಹೋಮ್’ ಎಂದು ಉತ್ತರ ಕೊಡುತ್ತಿದ್ದರು. ಪಾಪ, ಪ್ರೀತಿಯಿಂದಲೇ. ಆದರೆ ನನಗೆ ಪ್ರತಿ ಸಲವೂ ಮೈ ಉರಿಯುತ್ತಿತ್ತು.

ಗ್ರೀನ್ ಕಾರ್ಡ್ ಕೈಗೆ ಬಂದ ವರ್ಷ ಶಾಲೆಯ ಲೈಬ್ರರಿಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಪುಸ್ತಕ ಜೋಡಿಸುವುದು, ಹರಿದದ್ದಕ್ಕೆ ಟೇಪು ಹಚ್ಚುವುದು, ಇಂಗ್ಲಿಷ್ ಬಾರದ ಹೊಸ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುವುದು. ಎಂಎಸ್ಸಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ಆದರೂ ಬೆಳಿಗ್ಗೆ ಸೀರೆಯ ಬದಲು ಪ್ಯಾಂಟು ಹಾಕಿ, ಕುತ್ತಿಗೆಗೆ ಶಾಲೆಯ ಬ್ಯಾಡ್ಜು ತಗಲಿಸಿಕೊಂಡು ಮನೆಯಿಂದ ಹೊರಡುವಾಗ ನನ್ನ ನಡಿಗೆಯೇ ಬೇರೆಯಾಗುತ್ತಿತ್ತು. ಮಕ್ಕಳು ನನ್ನನ್ನು ‘ಮಿಸೆಸ್’ ಎಂದು ಕರೆಯುತ್ತಿದ್ದರು. ಮಗಳು ಒಂದು ದಿನ ತನ್ನ ಗೆಳತಿಗೆ, “ದಟ್ಸ್ ಮೈ ಮಾಮ್, ಶಿ ವರ್ಕ್ಸ್ ಹಿಯರ್,” ಎಂದದ್ದನ್ನು ಪುಸ್ತಕದ ಕಪಾಟಿನ ಹಿಂದೆ ನಿಂತು ಕೇಳಿಸಿಕೊಂಡೆ. ಆ ದಿನ ಮನೆಗೆ ಬಂದು ಸುಮ್ಮನೆ ಪಾಯಸ ಮಾಡಿದೆ.

ಇನ್ನು ಪಕ್ಕದ ಮನೆಯ ಅಜ್ಜಿ. ಅವರ ಗಂಡ ಆ ಬಣ್ಣದ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು, ನಾವು ಬರುವ ಮೊದಲೇ ತೀರಿಕೊಂಡಿದ್ದರು. ಮಗ ಯಾವುದೋ ದೂರದ ರಾಜ್ಯದಲ್ಲಿದ್ದ. ಆ ಮನೆಗೆ ಸೊಸೆಯಾಗಿ ಬಂದವರು ಅಲ್ಲೇ ಮುಪ್ಪಾಗಿದ್ದರು. ನಾನು ಅವರನ್ನು ಮಾತಾಡಿಸುವಾಗ ಅಮೆರಿಕದವರ ಹಾಗೆ ಹೆಸರು ಹಿಡಿದು ಕರೆಯಬೇಕಿತ್ತು, ಅವರಿಗೆ ಅದೇ ಇಷ್ಟ. ನನ್ನ ನಾಲಿಗೆ ಹೊರಳಲಿಲ್ಲ. ಮನಸ್ಸಿನಲ್ಲಿ ಅಜ್ಜಿ ಎನ್ನುತ್ತಿದ್ದೆ, ಎದುರಿಗೆ ಏನೂ ಕರೆಯದೆ ಮಾತು ಶುರುಮಾಡುತ್ತಿದ್ದೆ. ಅವರು ಆಡಿದ್ದೆಲ್ಲ ಇಂಗ್ಲಿಷೇ, ನನ್ನ ನೆನಪಿನಲ್ಲಿ ಮಾತ್ರ ಅದೆಲ್ಲ ಕನ್ನಡವಾಗಿ ಉಳಿದಿದೆ.

ನಾವು ಆ ಮನೆಗೆ ಬಂದ ಮೊದಲ ಯುಗಾದಿಗೆ ಅವರ ಮನೆಗೆ ಹೋಳಿಗೆ ಕೊಟ್ಟಿದ್ದೆ. ನೆರೆಮನೆಗೆ ಕೊಡದೆ ಹಬ್ಬದ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲವಲ್ಲ. ತುಪ್ಪವನ್ನು ಕಂಡು ಮೊದಲು ಅನುಮಾನ ಪಟ್ಟರು, ಆಮೇಲೆ ನಿಂತಲ್ಲೇ ಒಂದು ತಿಂದರು. ಅಂದಿನಿಂದ ಪ್ರತಿ ವರ್ಷ ಮಾರ್ಚ್ ಮುಗಿಯುತ್ತಿದ್ದಂತೆ, “ನಿಮ್ಮ ಸಿಹಿ ರೊಟ್ಟಿಯ ಹಬ್ಬ ಯಾವಾಗ?” ಎಂದು ಬೇಲಿಯಾಚೆಯಿಂದ ಕೇಳುತ್ತಿದ್ದರು. ಅವರಿಗೆ ಸಂಜೆಯ ಮೇಲೆ ಕಣ್ಣು ಮಂಜು, ಡ್ರೈವ್ ಮಾಡಲು ಆಗುತ್ತಿರಲಿಲ್ಲ. ಡಾಕ್ಟರ ಹತ್ತಿರ, ಚರ್ಚಿಗೆ, ಕೌನ್ಸಿಲ್ಲಿನ ಮೀಟಿಂಗಿಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಅಜ್ಜಿ ಊರಿನ ಮೀಟಿಂಗು ಒಂದನ್ನೂ ತಪ್ಪಿಸಿದವರಲ್ಲ, ಓಟನ್ನಂತೂ ಅಲ್ಲವೇ ಅಲ್ಲ.

ನಾನು ಕೆಲಸಕ್ಕೆ ಸೇರಿದ ಎರಡನೆಯ ವಸಂತದಲ್ಲಿ ಲೈಬ್ರರಿಯ ಮುಖ್ಯಸ್ಥೆ ಬಾಗಿಲು ಮುಚ್ಚಿ ನನ್ನನ್ನು ಕೂರಿಸಿಕೊಂಡು, ಈ ಸಲ ಬಜೆಟ್ಟು ಬಿದ್ದರೆ ಮೊದಲು ಹೋಗುವುದು ನಿನ್ನ ಕೆಲಸ, ಬಚ್ಚಿಟ್ಟು ಏನು ಪ್ರಯೋಜನ ಎಂದರು. ಮನೆಗೆ ಬಂದು ಗಂಡನಿಗೆ ಹೇಳಿದೆ.

“ಹೋದ್ರ ಹೋಗ್ಲಿ ಬಿಡು,” ಎಂದರು. “ನಿನ್ನ ಪಗಾರ ನಂಬಿ ನಾವು ಕೂತೇವೇನು? ನನ್ನ ಕಾಂಟ್ರಾಕ್ಟ್ ಮತ್ತ ಎಕ್ಸ್‌ಟೆಂಡ್ ಆಗೇತಿ.”

“ನಾ ಪಗಾರದ ಮಾತು ಆಡಿದ್ನೇನ್ರಿ?”

“ಮತ್ತ ಯಾವ ಮಾತು?”

ಎದ್ದು ಹೋಗಿ ಪಾತ್ರೆ ತಿಕ್ಕಿದೆ, ಸ್ವಲ್ಪ ಜೋರಾಗಿಯೇ.

ಆಗ ದಾರಿ ತೋರಿಸಿದವಳು ಟೌನ್‌ಹೌಸಿನಲ್ಲಿದ್ದ ಮೈಸೂರಿನ ಗೆಳತಿ. ಅವಳಿಗೆ ಸುಮ್ಮನೆ ಕೂತು ಅಭ್ಯಾಸವಿಲ್ಲ. ಫೋನು ಮಾಡಿ, “ನಮಗೆ ಓಟಿಲ್ಲ ಸರಿ, ಕೇಳೋಕೇನು ಕಷ್ಟ? ಓಟಿರೋರನ್ನ ಕೇಳೋಣ,” ಎಂದಳು. “ಹೇಗೂ ಯುಗಾದಿ ಬರ್ತಾ ಇದೆ. ಒಬ್ಬಟ್ಟು ಹಂಚೋಕೆ ಹೋಗ್ತೀವಲ್ಲ, ಹಾಗೇ ಒಂದು ಮಾತು ಹೇಳಿದ್ರಾಯ್ತು.”

“ಹೋಳಿಗಿ,” ಎಂದೆ ನಾನು.

“ಆಯ್ತು ಮಾರಾಯ್ತಿ, ನಿಮ್ಮದು ಹೋಳಿಗಿ. ಓಟು ಮಾತ್ರ ಎರಡಕ್ಕೂ ಒಂದೇ.”

ನಮಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಈಗಲೂ ಕಾಣುವುದಿಲ್ಲ. ನಮ್ಮ ಕಡೆ ಚುನಾವಣೆ ಬಂದರೆ ಹೆಂಗಸರು ಕುಂಕುಮದ ಬಟ್ಟಲು ಹಿಡಿದು ಮನೆಮನೆಗೆ ಬರುತ್ತಾರೆ, ಹಣೆಗೆ ಹಚ್ಚುತ್ತಾರೆ, ‘ನೆನಪಿಡ್ರೀ ಅಕ್ಕಾರ’ ಎನ್ನುತ್ತಾರೆ. ನಾವು ನಕ್ಕು ಹಚ್ಚಿಸಿಕೊಂಡು, ಮನಸ್ಸಿಗೆ ಬಂದವರಿಗೆ ಹಾಕುತ್ತೇವೆ. ಕೇಳುವುದು ಮರ್ಯಾದೆ, ಕೇಳದಿರುವುದು ಅಹಂಕಾರ. ಅಮೆರಿಕದಲ್ಲಿ ಓಟೆಂಬುದು ಬಚ್ಚಲುಮನೆಯಷ್ಟು ಖಾಸಗಿ ಎಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಯುಗಾದಿಯ ದಿನ ಗೆಳತಿಯ ಅಡುಗೆಮನೆಯಲ್ಲಿ ಆರೇಳು ಹೆಂಗಸರು ಸೇರಿ ಕಣಕ ನಾದಿದೆವು, ಹೂರಣ ರುಬ್ಬಿದೆವು. ಕಾಗದದ ತಟ್ಟೆಗೆ ಎರಡೆರಡು ಹಾಕಿ, ಮೇಲೆ ಫಾಯಿಲ್ ಮುಚ್ಚಿ, ಬೀದಿ ಹಂಚಿಕೊಂಡು ಹೊರಟೆವು. ಪ್ರತಿ ವರ್ಷ ಅಕ್ಕಪಕ್ಕದ ಮನೆಗಷ್ಟೇ ಕೊಡುತ್ತಿದ್ದವರು ಆ ವರ್ಷ ಊರಿಗೆಲ್ಲ ಕೊಟ್ಟೆವು. ಬಾಗಿಲು ತೆರೆದವರಿಗೆ ನಮ್ಮ ಹೊಸ ವರ್ಷ ಎಂದು ಹೇಳಿ ತಟ್ಟೆ ಕೊಡುವುದು, ಮಂಗಳವಾರ ಬಜೆಟ್ಟಿಗೆ ಹೌದು ಎಂದು ಹಾಕಿ, ಮಕ್ಕಳಿಗೋಸ್ಕರ ಎನ್ನುವುದು. ಕೆಲವರು ಥ್ಯಾಂಕ್ಯೂ ಎಂದರು. ಕೆಲವರ ಮುಖ ಎರಡನೆಯ ಮಾತಿಗೆ ಬಿಗಿಯಾಯಿತು. ಒಬ್ಬರು ತಟ್ಟೆಯನ್ನು ಹಾಗೇ ವಾಪಸು ನನ್ನ ಕೈಗೆ ಇಟ್ಟರು. ಡಯಾಬಿಟಿಸ್ ಇರಬೇಕು ಎಂದುಕೊಂಡೆ, ನನ್ನ ಜಾಣತನಕ್ಕೆ ಏನು ಹೇಳಲಿ.

ಅಜ್ಜಿಯ ಮನೆಗೆ ಕೊನೆಗೆ ಹೋದೆ. ಅವರಿಗೆ ಎರಡಲ್ಲ, ನಾಲ್ಕು ಹಾಕಿದ್ದೆ.

“ಮಂಗಳವಾರ ಹೌದು ಅಂತ ಹಾಕ್ತೀರಲ್ಲ? ಮಕ್ಕಳಿಗೋಸ್ಕರ,” ಎಂದೆ.

“ನಾನು ಓಟು ತಪ್ಪಿಸುವವಳೇ ಅಲ್ಲ,” ಎಂದರು ಅವರು.

ಅದನ್ನು ನಾನು ಒಪ್ಪಿಗೆ ಎಂದು ತಿಳಿದೆ. ನನ್ನ ಕೆಲಸದ ಮಾತನ್ನು ಎತ್ತಲಿಲ್ಲ. ತನಗೋಸ್ಕರ ಕೇಳುವುದೆಂದರೆ ನಮ್ಮಲ್ಲಿ ಕೈಚಾಚಿದ ಹಾಗೆ. ಮಕ್ಕಳ ಹೆಸರಿನಲ್ಲಿ ಏನು ಬೇಕಾದರೂ ಕೇಳಬಹುದು, ತನ್ನ ಹೆಸರಿನಲ್ಲಿ ಒಂದು ಲೋಟ ನೀರು ಕೇಳುವುದಕ್ಕೂ ನಾಲಿಗೆ ತಡೆಯುತ್ತದೆ. ನನ್ನನ್ನು ಹಾಗೇ ಬೆಳೆಸಿದ್ದರು.

ಆ ವಾರ ಊರಿನ ಸಣ್ಣ ಪತ್ರಿಕೆಯಲ್ಲಿ ಓದುಗರ ಪತ್ರವೊಂದು ಬಂತು. ಓಟಿಲ್ಲದವರು ಊರಿನಲ್ಲಿ ಮಿಠಾಯಿ ಹಂಚಿ ಓಟು ಕೇಳುತ್ತಿದ್ದಾರೆ, ಅವರು ಬಂದ ದೇಶದಲ್ಲಿ ಇದು ನಡೆಯಬಹುದು, ಇಲ್ಲಿ ನಡೆಯುವುದಿಲ್ಲ ಎಂದು ಯಾರೋ ಬರೆದಿದ್ದರು. ಗೆಳತಿ ಫೋನಿನಲ್ಲಿ ಓದಿ ಹೇಳಿದಳು. ಕಡಲೆಬೇಳೆ, ಬೆಲ್ಲ, ಏಲಕ್ಕಿ, ಅದೂ ಎರಡೆರಡು. ಅದಕ್ಕೆ ಲಂಚ ಎಂದು ಹೆಸರು.

ಮಂಗಳವಾರ ಬಂತು. ಫೈರ್‌ಹೌಸಿನ ಮುಂದೆ ಬೇರೆ ವರ್ಷ ನಾಲ್ಕೈದು ಕಾರಿರುತ್ತಿದ್ದವು, ಆ ದಿನ ಬೀದಿಯ ಕೊನೆಯತನಕ ನಿಂತಿದ್ದವು. ವಾಕರ್ ಹಿಡಿದವರೂ ಬಂದಿದ್ದರು. ಅಜ್ಜಿ ಹಗಲಿದ್ದಾಗಲೇ ನಡೆದುಕೊಂಡು ಹೋಗಿ ಬಂದರು. ನಾನು ಕಿಟಕಿಯಿಂದ ನೋಡಿದೆ. ಬಜೆಟ್ಟು ಬಿದ್ದಿತು. ಒಂದು ಪಂಕ್ತಿಯಲ್ಲಿ ಕೂತು ಉಣ್ಣುವಷ್ಟು ಜನರ ಅಂತರ, ಅಷ್ಟೇ. ಗಂಡ ಲೆಕ್ಕ ಹಾಕಲು ಬಾಯಿ ತೆರೆದರು, ನನ್ನ ಮುಖ ನೋಡಿ ಮುಚ್ಚಿಕೊಂಡರು.

ಸೋತ ಬಜೆಟ್ಟನ್ನು ಎಲ್ಲಿ ಕತ್ತರಿಸಬೇಕೆಂದು ನಿರ್ಧರಿಸಲು ಕೌನ್ಸಿಲ್ಲಿನವರು ಮೀಟಿಂಗು ಕರೆದರು. ಯಾರು ಬೇಕಾದರೂ ಬಂದು ಮಾತಾಡಬಹುದು. ಅಜ್ಜಿ ಎಂದಿನಂತೆ ಕೋಟು ಹಾಕಿಕೊಂಡು ನನ್ನ ಕಾರಿನಲ್ಲಿ ಕೂತರು. ದಾರಿಯಲ್ಲಿ ಹವಾಮಾನದ ಮಾತಾಡಿದೆವು. ಸಭೆಯಲ್ಲಿ ನಾನು ಗೆಳತಿಯ ಪಕ್ಕ ಕೂತೆ, ಅವರು ಮುಂದಿನ ಸಾಲಿನಲ್ಲಿ ತಮ್ಮ ಓರಗೆಯವರ ಜೊತೆ.

“ಹೋಗಿ ಮಾತಾಡ್ರೀ,” ಎಂದು ಗೆಳತಿ ಮೊಣಕೈಯಿಂದ ತಿವಿದಳು. “ನಿಮ್ಮ ಕೆಲ್ಸ, ನೀವು ಕೇಳದೆ ಇನ್ಯಾರು ಕೇಳ್ತಾರೆ?”

ಮೈಕಿನ ಮುಂದೆ ನಿಂತು ಹೆಸರು, ವಿಳಾಸ ಹೇಳಿದೆ. ಲೈಬ್ರರಿಯಲ್ಲಿ ಸಹಾಯಕಿ ಎಂದೆ. ನನ್ನ ಕೆಲಸ ತೆಗೆದರೆ ಇಂಗ್ಲಿಷ್ ಬಾರದ ಮಕ್ಕಳಿಗೆ ಓದಿಸುವವರಿಲ್ಲ ಎಂದು ಶುರುಮಾಡಿದವಳು, ಎಲ್ಲಿಂದ ಧೈರ್ಯ ಬಂತೋ, “ನನಗೆ ಆ ಕೆಲಸ ಬೇಕು,” ಎಂದುಬಿಟ್ಟೆ. ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಹೇಳಲು ಆಯಿತೇನೋ. ಮುಂದಿನ ಸಾಲಿನಲ್ಲಿ ಅಜ್ಜಿಯ ತಲೆ ನನ್ನ ಕಡೆ ತಿರುಗಿತು.

ನಾನು ಕೂರುವ ಮೊದಲೇ ಹಿಂದಿನಿಂದ ಒಬ್ಬ ಎದ್ದು ನಿಂತ. ಫೈರ್‌ಹೌಸಿನ ಸ್ವಯಂಸೇವಕರ ಜಾಕೆಟ್ಟು ಹಾಕಿದ್ದ.

“ಇವರೇ ಆ ರೊಟ್ಟಿ ಹಂಚಿದವರು,” ಎಂದ. “ನಮ್ಮ ಊರಿನ ಓಟನ್ನು ಒಂದು ತಟ್ಟೆ ತಿಂಡಿಗೆ ಕೊಳ್ಳಲು ನೋಡಿದವರು. ಈಗ ಗೊತ್ತಾಯ್ತಲ್ಲ ಯಾತಕ್ಕೆ ಅಂತ.”

ಸಭೆಯಲ್ಲಿ ಗುಜುಗುಜು ಎದ್ದಿತು. ಇಷ್ಟು ವರ್ಷ ನಾನು ಕಾಪಾಡಿಕೊಂಡ ಮಾನ ಅಷ್ಟೂ ಜನರ ಮುಂದೆ ಬಿದ್ದುಹೋಯಿತು ಎನ್ನಿಸಿತು. ಆಗ ಅಜ್ಜಿ ಎದ್ದರು. ಮೈಕಿನ ತನಕ ಬರಲಿಲ್ಲ, ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು ಅಲ್ಲೇ ನಿಂತರು. ಅವರ ಹೆಸರು, ವಿಳಾಸವನ್ನು ಯಾರೂ ಕೇಳಲಿಲ್ಲ.

“ಈ ಹುಡುಗಿ ನನ್ನ ಪಕ್ಕದ ಮನೆಯವಳು,” ಎಂದರು. “ಈ ರೊಟ್ಟಿಯನ್ನು ಪ್ರತಿ ವರ್ಷ ಕೊಡುತ್ತಾಳೆ, ನಾನು ಪ್ರತಿ ವರ್ಷ ತಿನ್ನುತ್ತೇನೆ. ಈ ವರ್ಷವೂ ತಿಂದೆ, ನಾಲ್ಕೂ ತಿಂದೆ. ತಿಂದು ಹೋಗಿ ‘ಬೇಡ’ ಅಂತ ಹಾಕಿದೆ. ನನ್ನನ್ನು ಯಾರೂ ಕೊಂಡಿಲ್ಲ.”

ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು, ಕೌನ್ಸಿಲ್ಲಿನವರೂ ನಕ್ಕರು. ಜಾಕೆಟ್ಟಿನವನು ಕೂತ. ನನ್ನ ಮಾನ ಉಳಿಯಿತು. ಅದನ್ನು ಉಳಿಸಿದ ಮಾತೇ ನನ್ನ ಕೆಲಸವನ್ನು ಕಳೆದ ಓಟು ಯಾರದೆಂದೂ ಹೇಳಿತು. ಅವರಿಗೆ ಕೈಮುಗಿಯಬೇಕೋ, ಬೆನ್ನು ತಿರುಗಿಸಬೇಕೋ ನನಗೆ ತಿಳಿಯಲಿಲ್ಲ. ಗೆಳತಿ ನನ್ನ ಕೈ ಹಿಡಿದುಕೊಂಡಿದ್ದಳು. ಇಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಮೀಟಿಂಗು ಮುಗಿದಮೇಲೆ ಅವರನ್ನು ಮನೆಗೆ ಬಿಡುವವಳೂ ನಾನೇ. ಬೆಲ್ಟು ಹಾಕಲು ಅವರ ಕೈ ಆಡಲಿಲ್ಲ, ನಾನೇ ಬಗ್ಗಿ ಹಾಕಿದೆ. ಸ್ಟೇಷನ್ ರೋಡು ದಾಟಿದೆವು.

“ನಿನ್ನ ಕೆಲಸ ಹೋಗುತ್ತದೆ ಅಂತ ಯಾಕೆ ಹೇಳಲಿಲ್ಲ?” ಎಂದರು.

“ಹೇಳಿದ್ದರೆ ಹೌದು ಅಂತ ಹಾಕುತ್ತಿದ್ದಿರಾ?”

ಅವರು ಕಿಟಕಿಯಾಚೆ ನೋಡಿದರು. “ಗೊತ್ತಿಲ್ಲ. ತೆರಿಗೆ ಇನ್ನೊಂದು ಸಲ ಏರಿದರೆ ನಾನು ಆ ಮನೆಯಲ್ಲಿ ಇರಲಾರೆ. ಮಗ ಮಾರು ಅಂತಾನೆ. ನಾನು ಅಲ್ಲೇ ಸಾಯಬೇಕು.” ನನ್ನ ಕಡೆ ತಿರುಗಿ, “ಆದರೆ ಏನು ಹಾಕಿದ್ದರೂ ಗೊತ್ತಿದ್ದು ಹಾಕುತ್ತಿದ್ದೆ. ನಿನ್ನನ್ನು ನೋಡದೆ ಹಾಕಿದ ಹಾಗಾಯಿತು,” ಎಂದರು.

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಎಷ್ಟು ಪ್ರಯತ್ನಿಸಿದೆನೋ ದೇವರಿಗೇ ಗೊತ್ತು. ಸಿಟ್ಟು ಬಂದಿದ್ದರೆ ಸುಲಭವಾಗುತ್ತಿತ್ತು. ಅವರ ಮನೆಯ ಮೆಟ್ಟಿಲು ಹತ್ತಿಸಿ, ದೀಪ ಹಾಕಿಕೊಟ್ಟು ಬಂದೆ.

ಕೌನ್ಸಿಲ್ಲಿನ ಕತ್ತರಿ ನನ್ನ ಕೆಲಸದ ಮೇಲೆಯೇ ಬಿತ್ತು. ಜೂನ್‌ನಲ್ಲಿ ಶಾಲೆ ಮುಗಿದಾಗ ಬ್ಯಾಡ್ಜನ್ನು ಆಫೀಸಿನಲ್ಲಿ ಕೊಟ್ಟೆ. ಲೈಬ್ರರಿಯ ಮುಖ್ಯಸ್ಥೆ ಅಪ್ಪಿಕೊಂಡು ಅತ್ತರು, ನನಗೆ ಅಳು ಬರಲಿಲ್ಲ. ಸೆಪ್ಟೆಂಬರಿನಲ್ಲಿ ಮಗಳು ಬಸ್ಸು ಹತ್ತಿ ಹೋದಮೇಲೆ ಬಂತು. ಮತ್ತೆ ಅದೇ ಕಿಟಕಿ. ಎಲೆಗಳು ಉದುರಿದವು, ಹಿಮ ಬಿದ್ದಿತು, ನಾನು ಬೆಳಗಿನ ಬಟ್ಟೆಯಲ್ಲೇ ಮಧ್ಯಾಹ್ನದ ತನಕ ಇರುತ್ತಿದ್ದೆ. ಬೇರೆ ಕೆಲಸ ಹುಡುಕು ಎಂದು ಗಂಡ ಹೇಳಿದರು, ಕಂಪ್ಯೂಟರ್ ಕೋರ್ಸ್ ಮಾಡು, ಈಗ ಯಾರನ್ನಾದರೂ ತಗೋತಾರ ಎಂದರು. ನಿಜವೇ, ಆ ಕಾಲದಲ್ಲಿ ಯಾರನ್ನಾದರೂ ತೆಗೆದುಕೊಳ್ಳುತ್ತಿದ್ದರು. ನನಗೆ ಯಾರನ್ನಾದರೂ ತೆಗೆದುಕೊಳ್ಳುವ ಕೆಲಸ ಬೇಕಿರಲಿಲ್ಲ. ಆ ವರ್ಷ ಮನೆಯಲ್ಲಿ ಮಾತು ಕಡಿಮೆಯಾಯಿತು. ಮಗಳು ಒಂದು ಸಲ, “ಆರ್ ಯು ಸಿಕ್, ಅಮ್ಮ?” ಎಂದು ಕೇಳಿದಳು. ಇಲ್ಲ ಎಂದೆ.

ಅಜ್ಜಿಯ ತೆರಿಗೆಯೂ ನಿಲ್ಲಲಿಲ್ಲ. ಶಾಲೆಯದು ಕಡಿತವಾದರೆ ಊರಿನದು ಏರಿತು, ನಮ್ಮ ಜಿಲ್ಲೆಯ ಹಾಗಿನ ಕೌಂಟಿಯದೂ ಏರಿತು. ಅವರು ಮನೆಯ ಬಿಸಿಯನ್ನು ಕಡಿಮೆ ಮಾಡಿ ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದರು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ, ಮೊದಲಿನಂತೆಯೇ. ಕಾರಿನಲ್ಲಿ ಇಬ್ಬರೂ ರೇಡಿಯೋ ಹಾಕಿಕೊಳ್ಳುತ್ತಿದ್ದೆವು.

ಮರುವರ್ಷದ ಬಜೆಟ್ಟಿನಲ್ಲಿ ಲೈಬ್ರರಿಯ ಸಹಾಯಕಿಯ ಕೆಲಸವನ್ನು ಮತ್ತೆ ಸೇರಿಸಿದ್ದಾರೆ ಎಂದು ಮುಖ್ಯಸ್ಥೆ ಫೋನು ಮಾಡಿದರು. ಗೆದ್ದರೆ ನಿನ್ನನ್ನೇ ಕರೆಯುತ್ತೇನೆ ಎಂದರು. ನಾನು ಫೋನು ಇಟ್ಟು, ತಲೆಗೆ ಎರೆದುಕೊಂಡು, ಪೆಟ್ಟಿಗೆಯಿಂದ ಶಾಲೆಗೆ ಹಾಕಿಕೊಳ್ಳುತ್ತಿದ್ದ ಪ್ಯಾಂಟು ತೆಗೆದು ಇಸ್ತ್ರಿ ಮಾಡಿದೆ. ಆಸೆ ಎಂಬುದಕ್ಕೆ ನಾಚಿಕೆಯಿಲ್ಲ.

ಗೆಳತಿ ಮೊದಲೇ ಎಲ್ಲರಿಗೂ ಎಚ್ಚರಿಕೆ ಕೊಟ್ಟಿದ್ದಳು. “ಈ ಸಲ ಓಟು ಮುಗಿಯೋವರೆಗೂ ಯಾರ ಮನೆಗೂ ಏನೂ ಕೊಡೋದು ಬೇಡ ಕಣ್ರೀ. ಒಂದು ಬಾಳೆಹಣ್ಣೂ ಕೊಡೋದು ಬೇಡ.”

ನಾನು ಹೂಂ ಎಂದೆ. ಆದರೆ ಯುಗಾದಿಯ ದಿನ ಹೋಳಿಗೆ ಬೇಯಿಸುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ. ಪಕ್ಕದ ಮನೆಯವರು ಹಬ್ಬದ ವಾಸನೆ ಕುಡಿದು ಸುಮ್ಮನೆ ಕೂತಿರಬೇಕೇ? ಊರವರು ಏನು ಬೇಕಾದರೂ ಅಂದುಕೊಳ್ಳಲಿ. ನಾಲ್ಕು ಹೋಳಿಗೆ ತಟ್ಟೆಗೆ ಹಾಕಿಕೊಂಡು, ಓಟಿನ ಮಾತು ಎತ್ತುವುದೇ ಇಲ್ಲ ಎಂದು ನಿಶ್ಚಯಿಸಿ, ಅಜ್ಜಿಯ ಗಂಟೆ ಒತ್ತಿದೆ.

ಅವರು ಒಳಬಾಗಿಲು ತೆರೆದರು, ಜಾಲರಿಯ ಬಾಗಿಲು ತೆರೆಯಲಿಲ್ಲ. ತಟ್ಟೆ ನೋಡಿದರು, ನನ್ನನ್ನು ನೋಡಿದರು.

“ಈ ವರ್ಷ ಬೇಡ, ಮಗಳೇ,” ಎಂದರು.

ನನ್ನ ಮುಖ ಹುಳ್ಳಗಾಗಿರಬೇಕು. ಅವರು ಜಾಲರಿಗೆ ಹತ್ತಿರ ಬಂದರು.

“ಈ ಸಲ ನಾನು ಹೌದು ಅಂತ ಹಾಕುತ್ತಿದ್ದೇನೆ,” ಎಂದರು. “ತೆರಿಗೆ ಹೇಗೂ ನಿಲ್ಲಲಿಲ್ಲ. ಒಂದು ವರ್ಷ ನಿನ್ನನ್ನು ಆ ಕಿಟಕಿಯಲ್ಲಿ ನೋಡಿದೆ, ಸಾಕು. ಆದರೆ ಇದನ್ನು ತಿಂದು ಹೌದು ಅಂತ ಹಾಕಿದರೆ, ಹೋದ ವರ್ಷ ನಾನು ಎಲ್ಲರ ಮುಂದೆ ಆಡಿದ ಮಾತು ಸುಳ್ಳಾಗುತ್ತದೆ. ಆ ಜಾಕೆಟ್ಟಿನವನು ಹೇಳಿದ್ದು ನಿಜವಾಗುತ್ತದೆ. ನಿನ್ನ ಬಗ್ಗೆಯೂ, ನನ್ನ ಬಗ್ಗೆಯೂ.”

ಅವರು ಜಾಲರಿಯ ಮೇಲೆ ಅಂಗೈ ಇಟ್ಟರು. ತುಪ್ಪದ ವಾಸನೆ ಅವರಿಗೂ ಬರುತ್ತಿತ್ತು, ಮೂಗು ಅರಳಿದ್ದು ಕಾಣುತ್ತಿತ್ತು. ಆಮೇಲೆ ಬಾಗಿಲು ಹಾಕಿಕೊಂಡರು, ಮೆಲ್ಲಗೆ, ಸದ್ದಾಗದಂತೆ.

ತಟ್ಟೆ ಹಿಡಿದು ಮನೆಗೆ ಬಂದೆ. ಅಡುಗೆಮನೆಯಲ್ಲಿ ಗಂಡ, ಮಗಳು ಊಟಕ್ಕೆ ಕೂತಿದ್ದರು.

“ಯಾಕ, ಮನ್ಯಾಗ ಇಲ್ಲೇನು ಅಜ್ಜಿ?” ಎಂದರು ಗಂಡ.

“ಅದಾರ,” ಎಂದೆ. ಅಜ್ಜಿಯ ಪಾಲಿನ ಹೋಳಿಗೆಯನ್ನು ನಾನೇ ತಿಂದೆ, ಒಲೆಯ ಮುಂದೆ ನಿಂತುಕೊಂಡು, ಅಳುತ್ತ, ಒಂದಾದಮೇಲೊಂದು.

ಮಂಗಳವಾರ ಅಜ್ಜಿ ಹಗಲಿನಲ್ಲೇ ನಡೆದುಕೊಂಡು ಫೈರ್‌ಹೌಸಿಗೆ ಹೋಗಿ ಬಂದರು. ಹಿಂದಿರುಗುವಾಗ ನನ್ನ ಕಿಟಕಿಯ ಕಡೆ ನೋಡಿ ಹೌದೆನ್ನುವಂತೆ ತಲೆಯಾಡಿಸಿದರು. ಆ ಊರಿನಲ್ಲಿ ನನ್ನ ಕಡೆಯದೆಂದು ಹೇಳಬಹುದಾದ ಒಂದೇ ಒಂದು ಓಟು ಬಿದ್ದ ದಿನ ಅದು. ಬಜೆಟ್ಟು ಆ ವರ್ಷವೂ ಸೋತಿತು, ಹಿಂದಿನ ವರ್ಷಕ್ಕಿಂತ ದೊಡ್ಡ ಅಂತರದಿಂದ.